ಕೂಡುದಾರಿಯ ಸಂಗೀತ

ಹಗರಿ ನದಿಯು ತುಂಗಭದ್ರೆಯನ್ನು ಕೂಡಿಕೊಳ್ಳುವುದು ಸಿರುಗುಪ್ಪದ ಸೀಮೆಯಲ್ಲಿ. ಕೂಡಿದ ಬಳಿಕ ಇದು ಹಗರಿಯ ನೀರು, ಇದು ತುಂಗಭದ್ರೆಯ ನೀರು ಎಂದು ಬೇರ್ಪಡಿಸಿ ತೋರಿಸಬಲ್ಲವರಿಲ್ಲ. ಹಾಗೆ ತೋರಿಸಬೇಕೆಂಬ ಹಟ ಆ ಬಯಲಿನಲ್ಲಿ ಭತ್ತ ಬೆಳೆಯುವ ರೈತನಿಗೂ ಇಲ್ಲ. ಆ ನಾಡಿನ ಮಾತಿನ ಸಂಗತಿಯೂ ಇಂಥದೇ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಸೀಮೆಯು ಮದರಾಸು ಆಡಳಿತಕ್ಕೆ ಸೇರಿದ್ದಿತು. ಬಡಗಣ ದಂಡೆಯ ಆಚೆಗೆ ನಿಜಾಮನ ರಾಜ್ಯ, ಮೂಡಲಿಗೆ ಆದವಾನಿಯ ತೆಲುಗು ಸೀಮೆ, ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಬ್ರಿಟಿಷರ ದಂಡು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದ ಅಂಗಳದಲ್ಲಿ ಉರ್ದು ಕೇಳಿ ಬೆಳೆದ ಮಕ್ಕಳಿಗೆ ಭಾಷೆಗಳ ಬೆರಕೆ ಎಂದೂ ಅವಮಾನವೆನಿಸಿರಲಿಲ್ಲ.

ಸಂಗೀತದ ಮಾತು ಬಂದಾಗ ಮಾತ್ರ ಪಂಡಿತರ ನ್ಯಾಯ ಬೇರೆಯಾಗುತ್ತದೆ. ಜಾತ್ರೆಯ ಮೈದಾನದಲ್ಲಿ ತಗಡಿನ ಥಿಯೇಟರು ಕಟ್ಟಿ ಆಡುತ್ತಿದ್ದ ಕಂಪನಿ ನಾಟಕಗಳ ಹಾಡುಗಳನ್ನು ಕುರಿತು ಬಹುಕಾಲ ಕೇಳಿಬಂದ ಮಾತು ಒಂದೇ: ಇದು ಶುದ್ಧವಾದ ಕರ್ನಾಟಕ ಸಂಗೀತವಲ್ಲ, ಶುದ್ಧವಾದ ಹಿಂದುಸ್ತಾನಿಯೂ ಅಲ್ಲ, ಬರಿಯ ನಾಟಕದ ಹಾಡು. ಈ 'ಬರಿಯ' ಎಂಬ ಪದದಲ್ಲಿ ಅಡಗಿರುವ ತಾತ್ಸಾರ ಅಲ್ಪವಾದುದಲ್ಲ. ಅದರಿಂದಾಗಿ ಸಾವಿರಾರು ಮಟ್ಟುಗಳು ಸ್ವರಲಿಪಿಯ ಕಾಗದಕ್ಕೆ ಇಳಿಯಲಿಲ್ಲ, ಹಾಡಿದವರಲ್ಲಿ ಹಲವರಿಗೆ ಕಲಾವಿದರೆಂಬ ಗೌರವವೂ ದೊರೆಯಲಿಲ್ಲ. ಬೆರಕೆಯಾಗಿರುವುದು ಒಂದು ಸಂಗೀತದ ದೋಷವೇ, ಅಥವಾ ಅದರ ಹುಟ್ಟಿನ ರೀತಿಯೇ? ಇದನ್ನು ವಿಚಾರಿಸುವುದಕ್ಕೆ ದೂರದ ಇನ್ನೊಂದು ನದೀತೀರದ ಕಥೆ ನೆರವಾಗುತ್ತದೆ.

ಅಮೆರಿಕದ ಮಿಸಿಸಿಪಿ ನದಿಯು ಕಡಲನ್ನು ಸೇರುವ ಪ್ರದೇಶದಲ್ಲಿ ನ್ಯೂ ಆರ್ಲಿಯನ್ಸ್ ಎಂಬ ನಗರವಿದೆ. 1718ರಲ್ಲಿ ಫ್ರೆಂಚರು ಕಟ್ಟಿದ ಈ ಊರು ಕೆಲಕಾಲ ಸ್ಪೇನಿನವರ ಕೈಯಲ್ಲಿದ್ದು, 1803ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಾಲಾಯಿತು. ಆಫ್ರಿಕದಿಂದ ಬಲಾತ್ಕಾರವಾಗಿ ಹಿಡಿದು ತಂದ ಗುಲಾಮರು ಅಲ್ಲಿ ಅಪಾರ ಸಂಖ್ಯೆಯಲ್ಲಿದ್ದರು. ದಕ್ಷಿಣದ ಹಲವು ಸೀಮೆಗಳಲ್ಲಿ ಗುಲಾಮರು ನಗಾರಿ ಬಾರಿಸುವುದೇ ಅಪರಾಧವಾಗಿದ್ದಿತು. ನಗಾರಿಯ ದನಿ ಬಂಡಾಯದ ಕರೆಯಾದೀತೆಂದು ಒಡೆಯರಿಗೆ ಭಯ. ನ್ಯೂ ಆರ್ಲಿಯನ್ಸ್‌ನಲ್ಲಿ ಮಾತ್ರ ಭಾನುವಾರದ ದಿನ ಊರಿನ ಅಂಚಿನ ಒಂದು ಬಯಲಿನಲ್ಲಿ ಅವರು ನೆರೆದು ಕುಣಿಯಲು ಅನುಮತಿ ಇದ್ದಿತು. ಕಾಂಗೋ ಚೌಕವೆಂದು ಹೆಸರಾದ ಆ ಬಯಲಿನಲ್ಲಿ ಆಫ್ರಿಕದ ಲಯಗಳು ಸಾಯದೆ ಉಳಿದುವು. ವಾರದ ಆರು ದಿನ ದುಡಿಮೆ, ಒಂದು ದಿನ ತಾಳ: ಇಷ್ಟೇ ಆಧಾರದ ಮೇಲೆ ಒಂದು ಜನಾಂಗವು ತನ್ನ ನೆನಪನ್ನು ಕಾಪಾಡಿಕೊಂಡುದು ಸಣ್ಣ ಸಾಧನೆಯಲ್ಲ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಅಂತರ್ಯುದ್ಧ ಮುಗಿದ ಮೇಲೆ ತುತ್ತೂರಿ, ಕ್ಲಾರಿನೆಟ್ ಮೊದಲಾದ ಸೈನ್ಯವಾದ್ಯಗಳು ಬಡವರ ಕೈಗೂ ಎಟುಕತೊಡಗಿದುವು. ಆ ನಗರದಲ್ಲಿ ಕ್ರಿಯೋಲ್ ಎಂಬ ಮಿಶ್ರವರ್ಣದ ಜನರಿದ್ದರು. ಅವರಲ್ಲಿ ಅನೇಕರು ಯೂರೋಪಿನ ಸಂಗೀತವನ್ನು ಗುರುಮುಖೇನ ಕಲಿತು, ಬರೆದ ಸ್ವರವನ್ನು ಓದಿ ನುಡಿಸಬಲ್ಲವರಾಗಿದ್ದರು. ಕಪ್ಪುಜನರ ಕೇರಿಯ ವಾದಕರಾದರೋ ಕಿವಿಯಿಂದ ಕಲಿತವರು. ಮೊದಲಿನವರು ಎರಡನೆಯವರನ್ನು ಕೀಳೆಂದೇ ಭಾವಿಸಿದ್ದರು. ಆದರೆ 1890ರ ದಶಕದಲ್ಲಿ ಬಿಳಿಯರು ತಂದ ಪ್ರತ್ಯೇಕತೆಯ ಕಾನೂನುಗಳು ಕ್ರಿಯೋಲರನ್ನೂ ಕಪ್ಪುಜನರ ಸಾಲಿಗೇ ತಳ್ಳಿದುವು. ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತ ಹೋಮರ್ ಪ್ಲೆಸ್ಸಿ ಎಂಬ ಕ್ರಿಯೋಲನನ್ನು 1892ರಲ್ಲಿ ಇದೇ ನಗರದಲ್ಲಿ ಬಂಧಿಸಿದರು. 1896ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವೇ ಆ ಅನ್ಯಾಯದ ಕಾನೂನನ್ನು ಎತ್ತಿಹಿಡಿಯಿತು. ಅವಮಾನವು ಒಂದುಗೂಡಿಸಿದ ಇವರಿಬ್ಬರ ವಿದ್ಯೆಗಳು ಒಂದೇ ಮೇಳದಲ್ಲಿ ಕುಳಿತುವು. ಓದುಬಲ್ಲ ಬೆರಳಿಗೆ ಕೇಳಬಲ್ಲ ಕಿವಿ ಜೊತೆಯಾಯಿತು. ಅನ್ಯಾಯಕ್ಕೆ ಕೃತಜ್ಞತೆ ಸಲ್ಲಿಸಬೇಕಾದ ಕಾರಣವೇನೂ ಇಲ್ಲ; ಅನ್ಯಾಯದ ನಡುವೆಯೂ ಅವರು ಮಾಡಿಕೊಂಡ ಸಂಗೀತಕ್ಕೆ ಸಲ್ಲಿಸಬೇಕು.

ಶವಯಾತ್ರೆಯಲ್ಲಿ ಮಸಣದವರೆಗೆ ವಿಳಂಬದ ಶೋಕಗೀತೆ, ಮಣ್ಣುಮಾಡಿ ಮರಳುವಾಗ ಉತ್ಸಾಹದ ಕುಣಿತದ ಗತಿ. ಇದು ಆ ಊರಿನ ವಾದ್ಯಮೇಳಗಳ ಪದ್ಧತಿ. ಪ್ರಾರ್ಥನಾಮಂದಿರದ ಭಜನೆ, ಹೊಲದ ದುಡಿಮೆಯ ಹಾಡು, ಬ್ಲೂಸ್ ಎಂಬ ದುಃಖದ ಪದ, ರ್‍ಯಾಗ್‌ಟೈಮ್ ಎಂಬ ಪಿಯಾನೋ ರಚನೆ, ಸೈನ್ಯದ ನಡೆಗೀತೆ ಎಲ್ಲವೂ ಅಲ್ಲಿ ಕಲೆತುವು. ಹೀಗೆ ಹುಟ್ಟಿದ ಸಂಗೀತಕ್ಕೆ ಮುಂದೆ ಜಾಜ್ ಎಂಬ ಹೆಸರು ಬಂದಿತು. ಮೊದಮೊದಲು ಆ ಪದವೇ ಸಭ್ಯರ ಬಾಯಲ್ಲಿ ಆಡುವಂಥದಾಗಿರಲಿಲ್ಲ.

ಜಾಜ್‌ನ ಮೊದಲಿಗರಲ್ಲಿ ಅಗ್ರಗಣ್ಯನೆಂದು ಹೇಳಲಾಗುವ ಬಡಿ ಬೋಲ್ಡನ್ 1877ರಲ್ಲಿ ಹುಟ್ಟಿದವನು. ಅವನ ಕಾರ್ನೆಟ್ ವಾದನದ ಕೀರ್ತಿ ಊರೆಲ್ಲ ಹಬ್ಬಿದ್ದಿತು. 1907ರಲ್ಲಿ ಬುದ್ಧಿ ಕದಡಿ ಆಸ್ಪತ್ರೆ ಸೇರಿದ ಆತ 1931ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ವಾದನದ ಒಂದು ನಿಮಿಷದ ಧ್ವನಿಮುದ್ರಣವೂ ಇಂದು ಇಲ್ಲ. ಜಾಜ್‌ನ ಮೊದಲ ಗ್ರಾಮಫೋನ್ ತಟ್ಟೆ 1917ರಲ್ಲಿ ಹೊರಬಂದಿತು. ಅದರಲ್ಲಿ ನುಡಿಸಿದವರಾದರೋ ಬಿಳಿಯರ ಒಂದು ತಂಡದವರು. ಕಪ್ಪುಜನರ ಅಂಗಳದಲ್ಲಿ ಬೆಳೆದ ಗಿಡದ ಮೊದಲ ಹಣ್ಣು ಬೇರೆಯವರ ಹೆಸರಿನಲ್ಲಿ ಮಾರಾಟವಾಯಿತು. ತಾನೇ 1902ರಲ್ಲಿ ಜಾಜ್ ಅನ್ನು ಕಂಡುಹಿಡಿದೆನೆಂದು ಜೆಲ್ಲಿ ರೋಲ್ ಮಾರ್ಟನ್ ಎಂಬ ಪಿಯಾನೋ ವಾದಕ ಹೇಳಿಕೊಳ್ಳುತ್ತಿದ್ದನು. ಇಡೀ ನಗರ ಕೂಡಿ ಮಾಡಿದುದನ್ನು ಒಬ್ಬನು ತನ್ನ ಖಾತೆಗೆ ಬರೆದುಕೊಳ್ಳುವುದು ಧಾರ್ಷ್ಟ್ಯವೇ ಸರಿ, ಆತ ಒಳ್ಳೆಯ ವಾದಕನೆಂಬುದೂ ನಿಜವೇ.

ಈ ಸಂಗೀತದ ಭಾಗ್ಯ ತೆರೆದುದು ಲೂಯಿ ಆರ್ಮ್‌ಸ್ಟ್ರಾಂಗ್‌ನಿಂದ. 1901ರಲ್ಲಿ ಕಡುಬಡತನದ ಕೇರಿಯಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ಹೊಸವರ್ಷದ ಸಂಭ್ರಮದಲ್ಲಿ ಪಿಸ್ತೂಲು ಹಾರಿಸಿದ ತಪ್ಪಿಗೆ ಬಾಲಾಪರಾಧಿಗಳ ನಿಲಯಕ್ಕೆ ಹೋಗಿ, ಅಲ್ಲಿನ ಬ್ಯಾಂಡಿನಲ್ಲಿ ಕಾರ್ನೆಟ್ ಅಭ್ಯಾಸ ಮಾಡಿದನು. 1922ರಲ್ಲಿ ತನ್ನ ಗುರುವಿನಂತಿದ್ದ ಕಿಂಗ್ ಆಲಿವರ್‌ನ ಕರೆಯಂತೆ ಶಿಕಾಗೋ ನಗರಕ್ಕೆ ಹೋದನು. 1923ರಲ್ಲಿ ಆ ತಂಡದ ಹಾಡುಗಳನ್ನು ಮುದ್ರಿಸಿಕೊಂಡಾಗ ಮೈಕ್ರೊಫೋನು ಬಳಕೆಗೆ ಬಂದಿರಲಿಲ್ಲ. ವಾದಕರೆಲ್ಲರೂ ಒಂದು ದೊಡ್ಡ ಕೊಳವೆಯ ಮುಂದೆ ನಿಂತು ನುಡಿಸಬೇಕಾಗಿದ್ದಿತು. ಆರ್ಮ್‌ಸ್ಟ್ರಾಂಗ್‌ನ ನಾದ ಉಳಿದವರದನ್ನು ಮುಚ್ಚಿಬಿಡುತ್ತಿದ್ದುದರಿಂದ ಅವನನ್ನು ದೂರದ ಮೂಲೆಯಲ್ಲಿ ನಿಲ್ಲಿಸಿದರೆಂದು ಅದೇ ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾಳೆ. 1925ರಿಂದ ಅವನದೇ ತಂಡ ಹೊರತಂದ ತಟ್ಟೆಗಳು ಜಗತ್ತಿನ ಕಿವಿಯನ್ನು ಸೆಳೆದುವು. ಜಾಜ್‌ನಲ್ಲಿ ರಾಗದ ಪಲ್ಲವಿಯಂಥ ಒಂದು ಮೂಲರಚನೆ ಇರುತ್ತದೆ. ಅದನ್ನು ಹಿಡಿದು ವಾದಕನು ಆ ಗಳಿಗೆಯಲ್ಲಿ ತೋರಿದಂತೆ ವಿಸ್ತರಿಸುತ್ತಾನೆ. ಭಾರತೀಯ ಸಂಗೀತಗಾರರು ಮನೋಧರ್ಮವೆಂದು ಕರೆಯುವುದಕ್ಕೆ ಇದು ಬಹಳ ಸಮೀಪವಾದುದು.

ಇನ್ನು ಕನ್ನಡ ನಾಡಿನ ಕಡೆಗೆ. ಕಂಪನಿ ನಾಟಕದ ಸಂಗೀತವು ಯಾವ ಒಂದು ಊರಿನಲ್ಲಿಯೂ ಹುಟ್ಟಲಿಲ್ಲ. ಊರಿಂದೂರಿಗೆ ನಡೆಯುತ್ತ ಹುಟ್ಟಿತು. ಕರ್ನಾಟಕದ ಭಾಗವತರ ಮೇಳವೊಂದು ಸಾಂಗ್ಲಿಯ ಅರಮನೆಯಲ್ಲಿ ಆಟವಾಡಿತು. ಅದರಿಂದ ಪ್ರೇರಣೆಗೊಂಡು ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ನಾಟಕದ ಚರಿತ್ರೆ ಮೊದಲಾಗುವುದು ಅಲ್ಲಿಂದ. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಸಂಗೀತ ನಾಟಕವಾಗಿ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಆ ಮರಾಠಿ ಮಂಡಳಿಗಳು ಉತ್ತರ ಕರ್ನಾಟಕಕ್ಕೆ ಬಂದು ಜನರನ್ನು ಮರುಳುಮಾಡಿದಾಗ, ಕನ್ನಡದಲ್ಲಿಯೂ ಇಂಥದು ಆಗಬೇಕೆಂದು ಗದುಗಿನ ಶಾಂತಕವಿಗಳು ಮಂಡಳಿ ಕಟ್ಟಿ ನಾಟಕ ಬರೆದರು. ಕನ್ನಡದ ಬೀಜ ಮರಾಠಿಯ ಹೊಲದಲ್ಲಿ ಬೆಳೆದು, ಮತ್ತೆ ಕನ್ನಡಕ್ಕೆ ಬಿತ್ತನೆಯಾಗಿ ಬಂದಿತು. ಇದರಲ್ಲಿ ಯಾವ ಭಾಗ ಯಾರದು ಎಂದು ವ್ಯಾಜ್ಯ ಹೂಡುವವರು ಹಗರಿ ತುಂಗಭದ್ರೆಗಳ ನೀರನ್ನು ಬೇರ್ಪಡಿಸಲು ಹೊರಟವರಂತೆಯೇ ಸರಿ. ಪಾರಸಿ ಕಂಪನಿಗಳು ಬೇರೊಂದು ದಿಕ್ಕಿನಿಂದ ಬಂದು ಉರ್ದು ಗಜಲಿನ ಧಾಟಿಗಳನ್ನು ತಂದುವು. ಮೈಸೂರು ಸೀಮೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಕರ್ನಾಟಕ ಸಂಗೀತದ ಕೀರ್ತನೆಯ ದಾರಿಯನ್ನು ಹಿಡಿದುವು.

ಬಳ್ಳಾರಿಯು ಇವೆಲ್ಲವುಗಳ ಕೂಡುದಾರಿ. ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು 1880ರ ದಶಕದಲ್ಲಿ ಇಲ್ಲಿ ಸರಸವಿನೋದಿನೀ ಸಭೆಯನ್ನು ಕಟ್ಟಿ, ತೆಲುಗು ನಾಟಕಗಳಿಗೆ ಹಾಡುಗಳನ್ನು ಅಳವಡಿಸಿದರು. ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ಇದೇ ಊರಿನದು. ಹಳ್ಳಿಗಳಲ್ಲಾದರೋ ಅದಕ್ಕೂ ಮೊದಲಿನಿಂದ ದೊಡ್ಡಾಟವಿದ್ದಿತು: ಮುಖವೀಣೆ, ಮದ್ದಳೆ, ತಾಳ, ಸಾರಥಿಯ ಮಾತು, ಹಿಮ್ಮೇಳದವರು ಎತ್ತಿ ಹಾಡುವ ಪದ. ಏಕತಾರಿಯ ತತ್ವಪದ, ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುವ ಮೊಹರಂ ಪದ, ಬುರ್ರಕಥೆಯವರ ಕಥನ ಇವೂ ಇದ್ದುವು. ಸುಗ್ಗಿ ಮುಗಿದ ಮೇಲೆ ಸಿರುಗುಪ್ಪದಲ್ಲಿಯೋ ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಯಲ್ಲಿಯೋ ನಾಟಕ ನೋಡಲು ಗಾಡಿ ಕಟ್ಟಿಕೊಂಡು ಬಂದ ರೈತನ ಕಿವಿ ಬರಿದಾದ ಪಾತ್ರೆಯಾಗಿರಲಿಲ್ಲ. ಈ ಎಲ್ಲ ದನಿಗಳನ್ನೂ ಕೇಳಿ ಪಳಗಿದ ಕಿವಿಯಾಗಿದ್ದಿತು. ಅಂಥವನನ್ನು ಮೆಚ್ಚಿಸುವುದಕ್ಕೆ ಕಂಪನಿಯ ಹಾಡುಗಾರನು ಎಲ್ಲ ಕಡೆಯಿಂದಲೂ ಸಾಲ ತಂದನು.

ಈ ಸಂಗೀತದ ಬೆನ್ನೆಲುಬು ಹಾರ್ಮೋನಿಯಂ. ಅದರ ಹುಟ್ಟು 1840ರ ದಶಕದ ಪ್ಯಾರಿಸಿನಲ್ಲಿ. ಪಾದ್ರಿಗಳ ಪ್ರಾರ್ಥನೆಗೆ ಜೊತೆಯಾಗಿ ಬಂದ ಪೆಟ್ಟಿಗೆಯನ್ನು ಭಾರತೀಯರು ತಮಗೆ ಬೇಕಾದಂತೆ ಒಗ್ಗಿಸಿಕೊಂಡರು. ಕಾಲಿನಿಂದ ತಿದಿಯೊತ್ತುವ ಕಾಲು ಹಾರ್ಮೋನಿಯಂ ಕಂಪನಿಗಳಿಗೆ ವರವಾಯಿತು. ಎರಡು ಕೈಯೂ ಬಿಡುವಾಗಿ, ಒಬ್ಬನೇ ವಾದಕ ಸಾವಿರ ಜನರ ಗದ್ದಲದ ಮೇಲೆ ದನಿ ಏರಿಸಬಲ್ಲವನಾದನು. ಅದೇ ಕಾಲದ ಅಮೆರಿಕದಲ್ಲಿ ಕಾಲಿನಿಂದ ಒಂದು ನಗಾರಿ, ಕೈಗಳಿಂದ ಇನ್ನೆರಡು ಬಾರಿಸುವ ಉಪಾಯ ಕಂಡುಕೊಂಡು ಜಾಜ್ ಮೇಳಗಳು ಮೂವರ ಕೆಲಸವನ್ನು ಒಬ್ಬನಿಂದ ಮಾಡಿಸಿದುವು. ಬಡತನದ ಬುದ್ಧಿವಂತಿಕೆ ಎರಡು ಖಂಡಗಳಲ್ಲಿಯೂ ಒಂದೇ ಹಾದಿ ಹಿಡಿಯಿತು.

ಹಾರ್ಮೋನಿಯಂ ಮೇಲೆ ಪಂಡಿತರ ಆಕ್ಷೇಪ ಸುಳ್ಳಾದುದಲ್ಲ. ಅದರ ಮನೆಗಳು ಕದಲದಂಥವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ತೂಗುವ ಗಮಕ ಅದರಲ್ಲಿ ನುಡಿಯುವುದಿಲ್ಲ. ಈ ಕಾರಣಕ್ಕಾಗಿ 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. ಆ ಬಹಿಷ್ಕಾರ ಸಡಿಲಗೊಳ್ಳಲು ಮೂವತ್ತು ವರ್ಷ ಹಿಡಿಯಿತು. ಆದರೆ ರಂಗದ ಗಾಯಕನು ಮಾಡಿದುದೇನು? ಪೆಟ್ಟಿಗೆಯ ನಿಶ್ಚಲ ಸ್ವರವನ್ನು ನೆಲವನ್ನಾಗಿಟ್ಟುಕೊಂಡು, ಕಂಠದಿಂದ ಅದರ ಮೇಲೆ ಜಾರಿದನು. ಜಾಜ್ ಗಾಯಕರು ಮಾಡಿದುದೂ ಇದನ್ನೇ. ಪಿಯಾನೋದ ಮನೆಗಳ ನಡುವಿನ ಸಂದಿಯಲ್ಲಿ, ಗಾಂಧಾರ ನಿಷಾದಗಳನ್ನು ತುಸು ತಗ್ಗಿಸಿ, ಯಾವ ಮನೆಗೂ ಸಿಕ್ಕದ ಸ್ವರವನ್ನು ಅವರು ಹಾಡಿದರು. ಬ್ಲೂಸ್ ಪದದ ದುಃಖವೆಲ್ಲ ಆ ಸಂದಿಯಲ್ಲಿದೆ. ವಾದ್ಯದ ಕೊರತೆಯನ್ನು ಕಂಠವು ತುಂಬಿದ ಈ ಪರಿಯನ್ನು ಬಿಟ್ಟು ಕೊರತೆಯನ್ನೇ ಎಣಿಸುತ್ತ ಕುಳಿತುದು ವಿಮರ್ಶೆಯ ದಾರಿದ್ರ್ಯ.

'ಒನ್ಸ್ ಮೋರ್' ಎಂಬ ಕೂಗಿನ ವಿಚಾರವನ್ನೂ ಇಲ್ಲಿ ಹೇಳಬೇಕು. ಹಾಡು ಹಿಡಿಸಿದರೆ ಪ್ರೇಕ್ಷಕರು ಅದನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಮೂರನೆಯ ಬಾರಿಯೂ ಅದೇ ಹಾಡನ್ನು ಅದೇ ರೀತಿ ಹಾಡಿದರೆ ಜಾಣ ಪ್ರೇಕ್ಷಕ ಒಪ್ಪುವನೇ? ಗಾಯಕನು ಹೊಸ ಆಲಾಪ, ಹೊಸ ತಾನ ತರಲೇಬೇಕಾಗಿದ್ದಿತು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರು; ಅಲ್ಲಿ ಅವರ ಕಂಠವನ್ನು ಕೇಳಿಯೇ ಮಿರಜಿನ ನೀಲಕಂಠಬುವಾ ಅವರು ಶಿಷ್ಯರನ್ನಾಗಿ ಕರೆದೊಯ್ದುದು. ಉಭಯ ಸಂಗೀತಗಳಲ್ಲಿಯೂ ವಿದ್ವಾಂಸರಾಗಿದ್ದ ಗದುಗಿನ ಪಂಚಾಕ್ಷರ ಗವಾಯಿಗಳು ನಾಟಕ ಮಂಡಳಿಯನ್ನು ನಡೆಸಲು ಸಂಕೋಚಪಡಲಿಲ್ಲ. ಶುದ್ಧ ಸಂಗೀತದ ಶಿಖರವೇರಿದವರೇ ಈ 'ಅಶುದ್ಧ' ಅಂಗಳದಲ್ಲಿ ಆಡಿ ಬಂದಿರುವಾಗ, ಅದನ್ನು ಕಡೆಗಣಿಸುವವರ ವಾದ ಎಲ್ಲಿ ನಿಲ್ಲುತ್ತದೆ?

ಇದಕ್ಕೆ ಪ್ರತಿಯಾಗಿ ಬಲವಾದ ಮಾತೊಂದು ಬಳ್ಳಾರಿಯಿಂದಲೇ ಬಂದಿದೆ. ಧರ್ಮವರಂ ಅವರ ಬಂಧುವೂ ಮಹಾನಟನೂ ಆದ ಬಳ್ಳಾರಿ ರಾಘವರು (1880-1946) ರಂಗದಲ್ಲಿ ಹಾಡಿಗಿಂತ ಅಭಿನಯಕ್ಕೆ ಮೇಲುಗೈ ಇರಬೇಕೆಂದು ನಂಬಿದವರು. ರಣರಂಗದಲ್ಲಿ ಸತ್ತುಬಿದ್ದ ವೀರನು 'ಒನ್ಸ್ ಮೋರ್' ಎಂದೊಡನೆ ಎದ್ದು ಹಾಡಿ ಮತ್ತೆ ಸಾಯುವುದು ನಾಟಕಕ್ಕೆ ಭೂಷಣವಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಹಾಡಿನ ಹೊರೆ ನಾಟಕವನ್ನು ಎಷ್ಟೋ ಬಾರಿ ಕುಗ್ಗಿಸಿತು. ಆದರೆ ಅದು ನಾಟಕದ ನಷ್ಟ, ಸಂಗೀತದ ದೋಷವಲ್ಲ. ಕಥೆಗೆ ಅಡ್ಡಬಂದ ಹಾಡು ಹಾಡಾಗಿ ಉತ್ತಮವಾಗಿರಬಹುದು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ. ವಿ. ಕಾರಂತರು ಮುಂದೆ ಆಧುನಿಕ ರಂಗಭೂಮಿಗೆ ಸಂಗೀತ ಕೂಡಿಸಿದಾಗ, ಹಾಡು ನಾಟಕದ ಮೈಯೊಳಗೇ ಬೆರೆಯಬಲ್ಲದೆಂಬುದನ್ನು ಮಾಡಿ ತೋರಿಸಿದರು. ರಾಘವರ ಇನ್ನೊಂದು ನಿಲುವನ್ನೂ ಮರೆಯಬಾರದು: ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ಅವರು ಹೇಳಿದರು. ಗಂಡಸರೇ ಸೀರೆಯುಟ್ಟು ಹಾಡುತ್ತಿದ್ದ ಕಾಲದಲ್ಲಿ ರಂಗವೇರಿದ ಹೆಣ್ಣುಮಕ್ಕಳು ರಾತ್ರಿಯ ಚಪ್ಪಾಳೆಯೊಡನೆ ಹಗಲಿನ ನಿಂದೆಯನ್ನೂ ಉಂಡರು. ಅವರ ಹಾಡನ್ನು ಮೆಚ್ಚಿ, ಅವರಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿದ ಸಮಾಜದ ನಡತೆಯು ಜಾಜ್ ಕೇಳಿ ಕುಣಿದು, ನುಡಿಸಿದವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟ ಬಿಳಿಯರ ನಡತೆಗಿಂತ ಬಹಳ ಬೇರೆಯಾದುದಲ್ಲ.

ಜಾಜ್ ಮತ್ತು ರಂಗಗೀತೆಗಳ ಹಾದಿ ಬೇರೆಯಾದುದು ಮುದ್ರಣದಲ್ಲಿ. ಬೋಲ್ಡನ್ ಕಳೆದುಹೋದರೂ ಅವನ ನಂತರದವರ ವಾದನವು ಸಾವಿರಾರು ತಟ್ಟೆಗಳಲ್ಲಿ ಉಳಿಯಿತು. ಅದನ್ನು ಕೇಳಿ ಕಲಿತವರು ದೂರದ ದೇಶಗಳಲ್ಲಿ ಹುಟ್ಟಿದರು. ಅಮೆರಿಕದ ಜಾಜ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರೊಡನೆ ಕೂಡಿ ನುಡಿಸಿದ 'ಜ್ಯೋತಿ' 1983ರಲ್ಲಿ ಹೊರಬಂದಿತು. ಕನ್ನಡ ರಂಗಗೀತೆಗಳೂ ಗ್ರಾಮಫೋನ್ ತಟ್ಟೆಗಳಿಗೆ ಬಂದುವು. ಆದರೆ ಬಂದವು ಕೆಲವೇ; ಬಂದವೂ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಮಾತ್ರ. ರಾತ್ರಿಯಿಡೀ ಹರಡುತ್ತಿದ್ದ ಆಲಾಪ ಅದರಲ್ಲಿ ಹಿಡಿಸಲಿಲ್ಲ.

ಬರೆದುಕೊಂಡರೆ, ಮುದ್ರಿಸಿಕೊಂಡರೆ ಏನಾಗಬಲ್ಲದೆಂಬುದಕ್ಕೆ ಬಳ್ಳಾರಿ ಸೀಮೆಯಲ್ಲಿಯೇ ನಿದರ್ಶನವಿದೆ. ದರೋಜಿಯ ಬುರ್ರಕಥಾ ಈರಮ್ಮನವರು (1930-2014) ಅಕ್ಷರ ಬಾರದವರು. ಕುಮಾರರಾಮನ ಕಥೆಯಂಥ ಮಹಾಕಥನಗಳನ್ನು ನಾಲಗೆಯ ಮೇಲಿಟ್ಟುಕೊಂಡಿದ್ದರು. ವಿದ್ವಾಂಸರು ಅವರ ಎದುರು ಕುಳಿತು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ನೀಡಿತು. ಕಂಪನಿಯ ಹಾಡುಗಾರರ ಎದುರು ಹಾಗೆ ಕುಳಿತವರು ವಿರಳ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿಯಾಗಿ ಖ್ಯಾತರಾದ ಸುಭದ್ರಮ್ಮ ಮನ್ಸೂರು ಅವರು 2020ರ ಜುಲೈ ತಿಂಗಳಿನಲ್ಲಿ ಬಳ್ಳಾರಿಯಲ್ಲಿ ತೀರಿಕೊಂಡರು. ರಂಗಗೀತೆಗಳ ಭಂಡಾರವೇ ಅವರ ಕಂಠದಲ್ಲಿದ್ದಿತು.

ಹಳೆಯ ನಾಟಕಗಳ ಹಾಡಿನ ಪುಸ್ತಕಗಳು ಕೆಲವು ಮನೆಗಳ ಅಟ್ಟದ ಮೇಲೆ ಈಗಲೂ ಸಿಕ್ಕುತ್ತವೆ. ಪ್ರತಿಯೊಂದು ಪದದ ನೆತ್ತಿಯ ಮೇಲೆ ಸ್ವರಲಿಪಿಯ ಬದಲು, ಅಂದು ಎಲ್ಲರ ಬಾಯಲ್ಲಿದ್ದ ಇನ್ನಾವುದೋ ಹಾಡಿನ ಮೊದಲ ಮಾತನ್ನು ಅಚ್ಚು ಹಾಕಿ, ಮುಂದೆ 'ಎಂಬ ಮಟ್ಟು' ಎಂದು ಬರೆದಿರುತ್ತದೆ. ಆ ಇನ್ನೊಂದು ಹಾಡನ್ನು ಬಲ್ಲವರು ಸಿರುಗುಪ್ಪ, ಕುರುಗೋಡುಗಳ ಹಳ್ಳಿಗಳಲ್ಲಿ ಇನ್ನೂ ಒಬ್ಬಿಬ್ಬರಿದ್ದರೆ, ಅವರ ವಯಸ್ಸು ಎಂಬತ್ತರ ಮೇಲಾಗಿದೆ.